ಉಕ್ಕಿನ ಭೀಮನಿಗೂ ಕರುಳಿತ್ತು!

ಮಧುಗಿರಿಯ ಏಕಶಿಲಾ ಬೆಟ್ಟ ಎದ್ದು ನಡೆದರೆ ಹೇಗಿದ್ದೀತು, ಗುರುಗಳೇ? 1980ರ ದಶಕದಲ್ಲಿ ದೂರದರ್ಶನದಲ್ಲಿ ‘ಜೈಂಟ್ ರೋಬೋಟ್’ ನೋಡಿದ ಹುಡುಗರನ್ನು ಕೇಳಿ! 1956ರಲ್ಲೇ ‘ತೆತ್ಸುಜಿನ್ 28’ ಎಂಬ ಉಕ್ಕಿನ ದೈತ್ಯನನ್ನು ಬರೆದ ಜಪಾನಿನ ಮಿತ್ಸುತೆರು ಯೊಕೊಯಾಮ ಅವರದೇ ಕಾಮಿಕ್ಸು ಇದರ ಮೂಲ. ತೋಯೇ ಕಂಪನಿ 1967ರಲ್ಲಿ ಶುರುಮಾಡಿದ್ದು, ಒಟ್ಟು 26 ಕಂತು. ವೇಷದೊಳಗೆ ಬೆವರು ಸುರಿಸಿದವನು ಮನುಷ್ಯನೇ. ಸುತ್ತ ಪುಟಾಣಿ ಊರಿನ ಸೆಟ್ಟು. ಇಷ್ಟೇ ಕಣ್ರೀ ಗುಟ್ಟು!

ಆದರೂ ಪೋರನೊಬ್ಬ ಕೈಗಡಿಯಾರಕ್ಕೆ ಹೇಳಿದರೆ ಸಾಕು, ದೈತ್ಯ ಹಾರಿ ಬಂದೇಬಿಡ್ತಾನೆ. ಮನೇಲಿ ಮಾತು ನಡೆಯದ ವಯಸ್ಸಿನವನಿಗೆ ಇನ್ನೇನು ಬೇಕು? ಕೊನೆಯ ಕಂತಿನಲ್ಲಿ ಮಾತ್ರ ಹುಡುಗ ಎಷ್ಟು ಕರೆದರೂ ರೋಬೋಟ್ ತಿರುಗಲಿಲ್ಲ. ಶತ್ರುವನ್ನು ತಬ್ಬಿಕೊಂಡು ಆಕಾಶಕ್ಕೇರಿದ, ಸಿಡಿದುಹೋದ. ಅತ್ತಿಲ್ಲ ಅನ್ನೋರು ಕೈಯೆತ್ತಿ ನೋಡೋಣ!