ನಕಲು ಎಲ್ಲಿರಬೇಕು?

ಅಂಕಪಟ್ಟಿಯನ್ನೂ ಅದರ ಜೆರಾಕ್ಸ್ ಪ್ರತಿಯನ್ನೂ ಒಂದೇ ಟ್ರಂಕಿನಲ್ಲಿಟ್ಟರೆ ಏನಾದೀತು? ಮನೆಗೆ ಮಳೆನೀರು ನುಗ್ಗಿದ ದಿನ ಎರಡೂ ಒಟ್ಟಿಗೆ ಹಾಳಾಗುತ್ತವೆ. ಕಂಪ್ಯೂಟರನ್ನೇ ನಂಬಿದ ಸಂಸ್ಥೆಗಳಲ್ಲೂ ಹೀಗಾದದ್ದುಂಟು.

2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಐದು ಅಂತಸ್ತಿನ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. ಪಕ್ಕದ ಕಟ್ಟಡಕ್ಕೂ ಹಾನಿಯಾಯಿತು. ಅದೇ ಆವರಣದ ಇನ್ನೆರಡು ಕಟ್ಟಡಗಳ ಯಂತ್ರಗಳನ್ನೂ ನಿಲ್ಲಿಸಬೇಕಾಯಿತು. ಮಾಹಿತಿಯ ನಕಲನ್ನು ಬೇರೆ ಊರಿನಲ್ಲಿಟ್ಟಿದ್ದ ಗ್ರಾಹಕರು ಚೇತರಿಸಿಕೊಂಡರು. ಮೂಲವೂ ನಕಲೂ ಅಲ್ಲಿಯೇ ಇದ್ದ ಕೆಲವರು ಎರಡನ್ನೂ ಕಳೆದುಕೊಂಡರು.

ಹಾಗಾದರೆ ಬದಲಿ ಕೇಂದ್ರ ಎಷ್ಟು ದೂರವಿರಬೇಕು? ಒಂದೇ ಬೆಂಕಿ, ಒಂದೇ ನೆರೆ, ಒಂದೇ ಭೂಕಂಪ ಎರಡು ಕಡೆಯನ್ನೂ ತಾಗದಷ್ಟು ದೂರ. ಎರಡಕ್ಕೂ ಒಂದೇ ಕಡೆಯಿಂದ ವಿದ್ಯುತ್ ಬರುತ್ತಿದ್ದರೆ ಆ ದೂರವೂ ವ್ಯರ್ಥ.

ಆದರೆ ದೂರ ಹೆಚ್ಚಿದಂತೆ ಇನ್ನೊಂದು ತೊಡಕು ಎದುರಾಗುತ್ತದೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಮುಂಬಯಿಯಿಂದ ಚೆನ್ನೈಗೆ ನೇರ ದೂರವೇ ಸುಮಾರು 1,000 ಕಿ.ಮೀ. ಸಂಕೇತ ಅಲ್ಲಿಗೆ ಹೋಗಿ, 'ತಲುಪಿತು' ಎಂಬ ಉತ್ತರ ಮರಳಲು ಕನಿಷ್ಠ 10 ಮಿಲಿಸೆಕೆಂಡು ಬೇಕು. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ನಿಜ. ಆದರೆ ಸೆಕೆಂಡಿಗೆ ಸಾವಿರಾರು ಆದೇಶ ಬರುವ ಷೇರುಪೇಟೆಗೆ ಇದು ದೊಡ್ಡ ವಿಳಂಬ. ಪ್ರತಿ ಬಾರಿ ಉತ್ತರಕ್ಕೆ ಕಾಯ್ದರೆ ವ್ಯವಹಾರ ನಿಧಾನವಾಗುತ್ತದೆ. ಕಾಯದಿದ್ದರೆ, ಅನಾಹುತದ ಕ್ಷಣದಲ್ಲಿ ಇನ್ನೂ ದಾರಿಯಲ್ಲಿದ್ದ ಲೆಕ್ಕ ಕಳೆದುಹೋಗುತ್ತದೆ.

ಆದ್ದರಿಂದಲೇ ಷೇರು ವಿನಿಮಯ ಕೇಂದ್ರಗಳು ಎರಡು ಬದಲಿ ತಾಣಗಳನ್ನು ಇಟ್ಟುಕೊಳ್ಳಬೇಕೆಂದು ಸೆಬಿ ವಿಧಿಸಿದೆ. ಒಂದು ಹತ್ತಿರದ್ದು, ಯಾವ ಲೆಕ್ಕವೂ ಕಳೆಯದಿರಲೆಂದು. ಇನ್ನೊಂದು ದೂರದ್ದು, ಕೆಲಸ ಮುಂದುವರಿಸಲೆಂದು. ದೂರದ ತಾಣ ಬೇರೆ ಭೂಕಂಪ ವಲಯದಲ್ಲಿರುವುದು ಲೇಸು. ಅದು ಸಾಧ್ಯವಾಗದಿದ್ದರೆ ಕನಿಷ್ಠ 500 ಕಿ.ಮೀ. ಅಂತರವಾದರೂ ಇರಬೇಕು.

ತಾಣ ಆರಿಸಿದರಷ್ಟೇ ಸಾಲದು, ಅದು ಕೆಲಸ ಮಾಡೀತೇ ಎಂದು ಪರೀಕ್ಷಿಸಲೂ ಬೇಕು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 2024ರ ಮಾರ್ಚ್ 2ರ ಶನಿವಾರ ವಿಶೇಷ ವಹಿವಾಟು ನಡೆಸಿತು. ಮೊದಲ ಭಾಗ ಮುಖ್ಯ ಕೇಂದ್ರದಿಂದ, ಎರಡನೆಯದು ಬದಲಿ ತಾಣದಿಂದ. ಪರೀಕ್ಷೆಗೆ ಮುಂಚೆ ಮಕ್ಕಳು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಿಲ್ಲವೇ, ಹಾಗೆ.

ಮನೆಗೂ ಇದೇ ಪಾಠ. ಪ್ರಾಜೆಕ್ಟ್ ಇರುವ ಲ್ಯಾಪ್‌ಟಾಪೂ ಅದರ ನಕಲಿರುವ ಪೆನ್‌ಡ್ರೈವೂ ಒಂದೇ ಚೀಲದಲ್ಲಿದ್ದರೆ, ಚೀಲ ಕಳೆದಾಗ ಎರಡೂ ಹೋದಂತೆಯೇ. ಒಂದು ಪ್ರತಿ ಅಜ್ಜಿಯ ಮನೆಯಲ್ಲಿರಲಿ. ಆಗಾಗ ಅದನ್ನು ತೆರೆದೂ ನೋಡಿ.