ಗರ್ಭಿಣಿಗೆ ಬೇಕಾದುದು ಮಂಚವೋ, ನಡಿಗೆಯೋ?

ಚೊಚ್ಚಲ ಬಸುರಿಯ ಆರೈಕೆಗೆಂದು ಊರಿನಿಂದ ಮುಂಬಯಿಗೆ ಬಂದಿಳಿಯುವ ತಾಯಿ, ಮಗಳನ್ನು ಮಂಚದಿಂದ ಇಳಿಯಗೊಡುವುದಿಲ್ಲ. "ಎರಡು ಜೀವದವಳು, ಓಡಾಡಬೇಡ" ಎಂಬುದು ಮಮತೆಯ ಮಾತು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಆ ಮಾತು ಹುಟ್ಟಿದ ಕಾಲ ಬೇರೆ. ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ರುಬ್ಬಿ, ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಣ್ಣಿಗೆ ಅತ್ಯಗತ್ಯವಾಗಿದ್ದುದು ವಿಶ್ರಾಂತಿ. ಮಿಕ್ಸರ್ ಮತ್ತು ಲಿಫ್ಟುಗಳ ನೆರವಿನಿಂದ ಎರಡು ಕೋಣೆಗಳಲ್ಲಿ ದಿನ ಕಳೆಯುವವಳಿಗೆ ಕೊರತೆಯಾಗಿರುವುದು ಚಲನೆ.

ತೊಡಕುಗಳಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯಿಂದ ಇದು ಪೂರೈಸುತ್ತದೆ. ನಡೆಯುತ್ತಲೇ ಮಾತನಾಡಲು ಸಾಧ್ಯವಾಗಬೇಕೆಂಬುದೇ ಇದರ ಸುಲಭವಾದ ಅಳತೆ. ರೂಢಿಯಿಲ್ಲದವರು ಹತ್ತು ನಿಮಿಷಗಳಿಂದ ಆರಂಭಿಸಬಹುದು. ಗರ್ಭಕಾಲದ ಸಕ್ಕರೆ ಕಾಯಿಲೆ, ಏರುವ ರಕ್ತದೊತ್ತಡ, ಮಿತಿಮೀರಿದ ತೂಕ ಇವುಗಳ ಸಂಭವವು ಇದರಿಂದ ತಗ್ಗುತ್ತದೆ. ಆರೋಗ್ಯವಂತ ಗರ್ಭಿಣಿಗೆ ನಡಿಗೆಯಿಂದ ಗರ್ಭಪಾತವಾದೀತೆಂಬ ಭಯಕ್ಕೆ ಆಧಾರವಿಲ್ಲ.

ಹಾಗೆಂದು ಎಲ್ಲರಿಗೂ ಒಂದೇ ಸೂತ್ರವಲ್ಲ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ಗರ್ಭಕೋಶದ ಕೊರಳು ಸಡಿಲವಾಗಿದ್ದರೆ, ರಕ್ತದೊತ್ತಡ ಏರಿದ್ದರೆ ವೈದ್ಯರ ಮಾತೇ ಅಂತಿಮ. ರಕ್ತಹೀನತೆಯನ್ನೂ ಪರೀಕ್ಷಿಸಿಕೊಳ್ಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿ ರಕ್ತಹೀನತೆಯುಳ್ಳವರು. ರಕ್ತಸ್ರಾವ, ನೀರು ಸೋರುವಿಕೆ, ಎದೆನೋವು, ತಲೆಸುತ್ತು, ಮೀನಖಂಡದ ನೋವು ಅಥವಾ ಬಾವು ಕಂಡರೆ ನಡಿಗೆಯನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ಕಚೇರಿಗೆ ಹೋಗುವ ಸೊಸೆಗೆ "ದಿನವಿಡೀ ಓಡಾಟವೇ ಆಯಿತಲ್ಲ, ಬೇರೆ ವ್ಯಾಯಾಮವೇಕೆ?" ಎನ್ನುವುದುಂಟು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಒಂದು ಗಂಟೆ ನಿಂತು, ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು, ಮರಳಿ ಒಲೆಯ ಮುಂದೆ ನಿಲ್ಲುವುದು ದಣಿವೇ ಹೊರತು ವ್ಯಾಯಾಮವಲ್ಲ. ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಜಮಾ ಮಾಡುವುದು ಅನ್ಯಾಯ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯನ್ನು ಕೊಟ್ಟಿದೆ. ಆದರೆ ಸಂಜೆಯ ಆ ಅರ್ಧ ಗಂಟೆಯನ್ನು ಯಾವ ಕಾಯಿದೆಯೂ ಕೊಡಲಾರದು. ಅದನ್ನು ಮನೆಯವರೇ ಕೊಡಬೇಕು. ಪತಿಯು ಅಡುಗೆಮನೆಯ ಕೆಲಸಕ್ಕೆ ಕೈಹಚ್ಚಿದರೆ, ಅತ್ತೆ ಅಥವಾ ತಾಯಿ ಜೊತೆಗೂಡಿ ನಡೆದರೆ ಆ ಬಿಡುವು ತಾನಾಗಿ ಒದಗುತ್ತದೆ.

ಕನ್ನಡ ಸಂಘಗಳೂ ಈ ದಿಸೆಯಲ್ಲಿ ಯೋಚಿಸಬಹುದು. ವಾರದ ಬಹುಪಾಲು ಖಾಲಿಯಿರುವ ಸಭಾಗೃಹವನ್ನು ಮಳೆಗಾಲದ ಸಂಜೆಗಳಲ್ಲಿ ಗರ್ಭಿಣಿಯರ ನಡಿಗೆಗೆ ತೆರೆದಿಟ್ಟರೆ ಖರ್ಚು ಅತ್ಯಲ್ಪ. ತವರಿನಿಂದ ದೂರವಿರುವ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ಮಾತಾಡುವ ಸಂಗಾತಿಯರೂ ದೊರೆಯುತ್ತಾರೆ. ಸೀಮಂತದಲ್ಲಿ ಮಡಿಲು ತುಂಬುವ ಕೈಗಳು, ಮರುದಿನ ಆಕೆಯ ಕೈಹಿಡಿದು ನಡೆಸಲೂ ಮುಂದಾಗಲಿ.