ಬೋರ್ಡಿನ ಮೇಲೆ ‘ಡಾ.’ ಇದ್ರೆ ಸಾಕಾ?

ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳಬಾರದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್ 9ರಂದು ಪತ್ರ ಬರೆದು, ಮರುದಿನವೇ ಹಿಂಪಡೆದಿತ್ತು. ಗೊಂದಲ ಮಾತ್ರ ಹಾಗೇ ಉಳಿದಿದೆ.

ಪಿಎಚ್‌.ಡಿ ಮಾಡಿದ ಮೇಷ್ಟ್ರೂ ಡಾಕ್ಟರೇ. 1976ರಲ್ಲಿ ಮೈಸೂರು ವಿವಿ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ರಾಜ್‌ಕುಮಾರ್ ಕೂಡ ‘ಡಾ. ರಾಜ್’ ಆದರು. ಇದರಿಂದ ಯಾರ ಜೀವಕ್ಕೂ ತೊಂದ್ರೆ ಇಲ್ಲ. ಅಪಾಯ ಇರೋದು, ನೋಂದಣಿ ಇಲ್ಲದವರು ಕ್ಲಿನಿಕ್ ತೆರೆದು ಇಂಜೆಕ್ಷನ್ ಚುಚ್ಚಿದಾಗ. ಅದಕ್ಕೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ 1 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಇದೆ.

ಹಳ್ಳಿಯಿಂದ ಬರೋ ರೋಗಿ ನಂಬೋದು ‘ಡಾ.’ ಎಂಬ ಒಂದಕ್ಷರವನ್ನು. ಹಾಗಾಗಿ ಬಿರುದಿನ ಜಗಳಕ್ಕಿಂತ, ಓದಿದ್ದೇನು, ನೋಂದಣಿ ಸಂಖ್ಯೆ ಎಷ್ಟು ಅನ್ನೋದು ಬೋರ್ಡಿನಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಕಾಣಬೇಕು. ಅಧಿಕಾರಿಗಳು ಮೊದಲು ನೋಡಬೇಕಾದ್ದು ಅದನ್ನೇ.